ಶಿಖರದ ಹಕ್ಕಿಯೂ ಬಂಡೆಯ ಕೀಟವೂ

ಮನೆಯಂಗಳಕ್ಕೆ ಗುಬ್ಬಿಯೊಂದು ಬಂದಿಳಿದರೆ ನಾವು ಮಕ್ಕಳನ್ನು ಕರೆದು ತೋರಿಸುತ್ತೇವೆ. ಮೊರದಿಂದ ನಾಲ್ಕು ಕಾಳು ತೆಗೆದು ಅದರ ಮುಂದೆ ಚೆಲ್ಲುತ್ತೇವೆ. ಅದೇ ಅಂಗಳದ ಗೋಡೆಯ ಮೇಲೆ ಕರಿಯ ಹುಳುವೊಂದು ಹರಿದಾಡಿದರೆ ಮಾತ್ರ ನಮ್ಮ ಕೈ ತಾನಾಗಿಯೇ ಪೊರಕೆಯತ್ತ ಚಾಚುತ್ತದೆ. ಎರಡೂ ಜೀವಗಳೇ, ಎರಡೂ ನಮಗೆ ಯಾವ ಕೇಡನ್ನೂ ಬಗೆದವುಗಳಲ್ಲ. ಆದರೂ ಒಂದಕ್ಕೆ ಕಾಳು, ಇನ್ನೊಂದಕ್ಕೆ ಪೊರಕೆ. ದಯೆಯ ಮಾತನ್ನು ತೊಟ್ಟಿಲಲ್ಲಿದ್ದಾಗಿನಿಂದಲೇ ಕೇಳುತ್ತ ಬೆಳೆದ ಮನೆತನಗಳವರು ನಾವು. ನಮ್ಮ ದಯೆ ಕಣ್ಣಿಗೆ ಚೆಂದ ಕಂಡದ್ದಕ್ಕಷ್ಟೇ ಮೀಸಲಾಗಿದೆಯೇ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳುವುದು ಒಳಿತು.

ಈ ಪ್ರಶ್ನೆಯನ್ನು ಉಪದೇಶದ ಮಾತುಗಳಿಂದ ಚರ್ಚಿಸುವುದಕ್ಕಿಂತ ನಡೆದ ಸಂಗತಿಯೊಂದರ ಮೂಲಕ ನೋಡುವುದು ಮೇಲೆಂದು ನಮಗೆ ತೋರುತ್ತದೆ. ಆದ್ದರಿಂದ ಈ ತಿಂಗಳು ಓದುಗ ಬಂಧುಗಳನ್ನು ನಾವು ಬಹುದೂರದ ಒಂದು ಪುಟ್ಟ ದ್ವೀಪಕ್ಕೆ ಕರೆದೊಯ್ಯುತ್ತಿದ್ದೇವೆ. ಅಲ್ಲಿ ಒಂದು ಹಕ್ಕಿ ಇದೆ. ಅಲ್ಲಿಯದೇ ಆದ ಒಂದು ಕೀಟವೂ ಇದೆ. ಎರಡೂ ಜಗತ್ತಿನ ಬೇರಾವ ನೆಲದಲ್ಲಿಯೂ ಹುಟ್ಟಿದವುಗಳಲ್ಲ. ಎರಡೂ ಅಳಿವಿನ ಅಂಚಿಗೆ ಹೋಗಿ ಮರಳಿದವು. ಆದರೆ ಅವು ಹೋದ ದಾರಿ ಬೇರೆ, ಮರಳಿದ ದಾರಿಯೂ ಬೇರೆ. ಆ ವ್ಯತ್ಯಾಸದಲ್ಲಿಯೇ ನಮಗೆ ಕಲಿಯಬೇಕಾದ ಪಾಠವಿದೆ.

ಕಡಲ ನಡುವಿನ ಹಸಿರು ಚೂರು

ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಸುಮಾರು ೬೦೦ ಕಿಲೋಮೀಟರ್ ದೂರದಲ್ಲಿ, ಟಾಸ್ಮನ್ ಸಮುದ್ರದ ಮಧ್ಯದಲ್ಲಿ ಲಾರ್ಡ್ ಹೋವ್ ಎಂಬ ದ್ವೀಪವಿದೆ. ಲಕ್ಷಾಂತರ ವರ್ಷಗಳ ಹಿಂದೆ ತಣಿದುಹೋದ ಜ್ವಾಲಾಮುಖಿಯೊಂದರ ಅವಶೇಷವದು. ಉದ್ದ ಸುಮಾರು ೧೧ ಕಿಲೋಮೀಟರ್. ಅಗಲ ಎಲ್ಲಿಯೂ ಮೂರು ಕಿಲೋಮೀಟರನ್ನು ಮುಟ್ಟದು. ದಕ್ಷಿಣದ ತುದಿಯಲ್ಲಿ ಗೋವರ್ ಮತ್ತು ಲಿಡ್ಜ್‌ಬರ್ಡ್ ಎಂಬ ಎರಡು ಬೆಟ್ಟಗಳು ಕಡಲಿನಿಂದ ನೆಟ್ಟಗೆ ಎದ್ದು ನಿಂತಿವೆ. ಗೋವರ್ ಬೆಟ್ಟದ ಎತ್ತರ ೮೭೫ ಮೀಟರ್. ಅದರ ನೆತ್ತಿ ಆಗಾಗ ಮೋಡದಲ್ಲಿ ಮುಳುಗಿ ತೊಯ್ದಿರುತ್ತದೆ. ದ್ವೀಪದಲ್ಲಿ ಇಂದು ವಾಸಿಸುವವರು ನಾನ್ನೂರರ ಆಸುಪಾಸಿನ ಜನ. ೧೯೮೨ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

೧೭೮೮ರವರೆಗೆ ಈ ನೆಲದ ಮೇಲೆ ಮನುಷ್ಯನ ಹೆಜ್ಜೆ ಬಿದ್ದ ಕುರುಹಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಹೆನ್ರಿ ಲಿಡ್ಜ್‌ಬರ್ಡ್ ಬಾಲ್ ಎಂಬ ಆಂಗ್ಲ ನೌಕಾಧಿಕಾರಿಯ ಹಡಗು ಇದನ್ನು ಕಂಡಿತು. ಬಾವಲಿಯ ಹೊರತು ಇಲ್ಲಿ ಮೊಲೆಯೂಡಿಸುವ ನೆಲಪ್ರಾಣಿ ಯಾವುದೂ ಇರಲಿಲ್ಲ. ಬೆಕ್ಕಿಲ್ಲ, ನಾಯಿಯಿಲ್ಲ, ಹಂದಿಯಿಲ್ಲ, ಇಲಿಯಿಲ್ಲ. ಹೀಗಾಗಿ ಇಲ್ಲಿಯ ಜೀವಿಗಳಿಗೆ ನೆಲದ ಮೇಲಿನ ಶತ್ರು ಎಂದರೇನೆಂಬುದೇ ತಿಳಿದಿರಲಿಲ್ಲ. ಹೆದರಿ ಓಡುವ ಪಾಠವನ್ನು ಅವು ಕಲಿತಿರಲಿಲ್ಲ. ಕಲಿಯುವ ಅಗತ್ಯವೂ ಬಿದ್ದಿರಲಿಲ್ಲ.

ಸದ್ದಿಗೆ ಓಡಿಬರುವ ಹಕ್ಕಿ

ನಮ್ಮ ಕೆರೆಯಂಚಿನ ಜೊಂಡಿನಲ್ಲಿ ಓಡಾಡುವ ಹುಂಡುಕೋಳಿಯನ್ನು ಬಲ್ಲವರಿಗೆ ಈ ಹಕ್ಕಿಯ ಪರಿಚಯ ಸುಲಭ. ಅದೇ ಬಳಗಕ್ಕೆ ಸೇರಿದ, ಸಣ್ಣ ಕೋಳಿಯಷ್ಟು ಗಾತ್ರದ, ಒಣಗಿದ ಎಲೆಯ ಕಂದು ಬಣ್ಣದ ಹಕ್ಕಿಯಿದು. ದ್ವೀಪದವರು ಇದನ್ನು ವುಡ್‌ಹೆನ್ ಎಂದು ಕರೆಯುತ್ತಾರೆ. ರೆಕ್ಕೆಗಳಿದ್ದರೂ ಹಾರಲಾರದು. ಬಾಗಿದ ಉದ್ದ ಕೊಕ್ಕಿನಿಂದ ತರಗೆಲೆಯನ್ನು ಕೆದಕಿ ಎರೆಹುಳು, ಸಣ್ಣಪುಟ್ಟ ಕ್ರಿಮಿಗಳು, ಉದುರಿದ ಹಣ್ಣುಗಳನ್ನು ಹೆಕ್ಕಿ ತಿನ್ನುತ್ತದೆ.

ಇದರ ಸ್ವಭಾವದಲ್ಲಿ ಒಂದು ವಿಶೇಷವುಂಟು. ಕಾಡಿನಲ್ಲಿ ಏನಾದರೂ ಹೊಸ ಸದ್ದಾದರೆ ಬೇರೆ ಹಕ್ಕಿಗಳು ದೂರ ಸರಿಯುತ್ತವೆ. ಇದು ಏನೆಂದು ನೋಡಲು ಹತ್ತಿರ ಬರುತ್ತದೆ. ಕಲ್ಲಿಗೆ ಕಲ್ಲು ಬಡಿದರೆ, ಕೂಗು ಹಾಕಿದರೆ, ಓಡುತ್ತ ಬಂದು ಕಾಲ ಬುಡದಲ್ಲಿ ನಿಲ್ಲುತ್ತದೆ. ನಂಬಿಕೆಯೆಂಬ ಗುಣಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆದರೆ ಹಸಿದ ನಾವಿಕರಿಗೆ ಅದು ಅನುಕೂಲವಾಯಿತು. ಬಲೆಯೂ ಬೇಡ, ಬಂದೂಕೂ ಬೇಡ. ಸದ್ದು ಮಾಡಿ ಕರೆದು, ಬಂದದ್ದನ್ನು ಕೋಲಿನಿಂದ ಹೊಡೆದರೆ ಮುಗಿಯಿತು.

೧೮೩೪ರಲ್ಲಿ ಜನ ಇಲ್ಲಿ ನೆಲೆಯೂರಿದರು. ಅವರೊಡನೆ ಹಂದಿ, ಆಡು, ಬೆಕ್ಕು, ನಾಯಿಗಳೂ ನೆಲೆಯೂರಿದವು. ಕಾಡು ಸೇರಿದ ಹಂದಿಗಳು ನೆಲದ ಮೇಲಿನ ಗೂಡುಗಳನ್ನು ಮೂತಿಯಿಂದ ಅಗೆದು, ಮೊಟ್ಟೆ ಮರಿಗಳೆನ್ನದೆ ತಿಂದುಹಾಕಿದವು. ಹಕ್ಕಿಗಳು ತಗ್ಗಿನ ಕಾಡಿನಲ್ಲೆಲ್ಲ ಅಳಿದು, ಕಡೆಗೆ ಹಂದಿಗಳು ಹತ್ತಲಾರದ ಗೋವರ್ ಬೆಟ್ಟದ ನೆತ್ತಿಯಲ್ಲಿ ಮಾತ್ರ ಉಳಿದವು. ೧೯೭೦ರ ದಶಕದ ಕೊನೆಗೆ ವಿಜ್ಞಾನಿಗಳು ಎಣಿಸಿ ನೋಡಿದಾಗ ಇಡೀ ಜಗತ್ತಿನಲ್ಲಿ ಉಳಿದಿದ್ದ ವುಡ್‌ಹೆನ್‌ಗಳ ಸಂಖ್ಯೆ ಮೂವತ್ತನ್ನೂ ಮುಟ್ಟಲಿಲ್ಲ. ಒಂದು ಸಾಧಾರಣ ಮನೆಯ ಮದುವೆಯ ಒಂದು ಪಂಕ್ತಿಯಲ್ಲಿ ಕೂಡುವ ಜನರಿಗಿಂತ ಕಡಿಮೆ!

ಇರುಳಿನಲ್ಲಿ ಬದುಕುವ ಕೀಟ

ಇನ್ನು ಎರಡನೆಯ ಜೀವಿಯ ಕಡೆ ಬರೋಣ. ಮಲೆನಾಡಿನ ಓದುಗರು ಕಡ್ಡಿಕೀಟವನ್ನು ಕಂಡಿರಬಹುದು. ಒಣಕಡ್ಡಿಯೇ ಎದ್ದು ನಡೆಯುತ್ತಿದೆಯೋ ಎನ್ನಿಸುವಂತಹ ಹುಳು. ಲಾರ್ಡ್ ಹೋವ್ ದ್ವೀಪದ ಕಡ್ಡಿಕೀಟ ಆ ವಂಶದ್ದೇ ಆದರೂ ಕಡ್ಡಿಯ ಸೊರಗು ಇದಕ್ಕಿಲ್ಲ. ಬೆಳೆದ ಹೆಣ್ಣು ೧೫ ಸೆಂಟಿಮೀಟರ್ ವರೆಗೆ ಉದ್ದವಿದ್ದು ಅಂಗೈಯನ್ನು ತುಂಬುತ್ತದೆ. ಮೈಯೆಲ್ಲ ಹೊಳೆಯುವ ಕಪ್ಪು, ರೆಕ್ಕೆಯಿಲ್ಲ, ಗಟ್ಟಿಯಾದ ಕವಚ. ಈ ಕವಚವನ್ನು ಕಂಡ ಜನ ಇದಕ್ಕೆ ಮರದ ಲಾಬ್‌ಸ್ಟರ್ ಎಂದು ಹೆಸರಿಟ್ಟರು. ಮರಿಯಾಗಿದ್ದಾಗ ಮಾತ್ರ ಎಲೆಯ ಹಸಿರು ಬಣ್ಣ. ಆಗ ಹಗಲಿನಲ್ಲಿ ಓಡಾಡುತ್ತದೆ. ಬೆಳೆದಂತೆ ಕಪ್ಪಾಗಿ, ಹಗಲೆಲ್ಲ ಮರದ ಪೊಟರೆಯಲ್ಲಿ ಅಡಗಿ, ಕತ್ತಲಾದ ಮೇಲೆ ಎಲೆ ಮೇಯಲು ಹೊರಬರುತ್ತದೆ.

ಹೆಣ್ಣು ತನ್ನ ಮೊಟ್ಟೆಗಳನ್ನು ಮಣ್ಣಿನಲ್ಲಿ ಹುದುಗಿಸಿಡುತ್ತದೆ. ಮರಿಯೊಡೆಯಲು ಹಲವು ತಿಂಗಳು ಬೇಕು. ಗಂಡು ಹೆಣ್ಣುಗಳು ಜೋಡಿಯಾಗಿ ಬಾಳುತ್ತವೆ. ಹಗಲಿನ ನಿದ್ರೆಯಲ್ಲಿ ಗಂಡು ತನ್ನ ಕಾಲುಗಳನ್ನು ಹೆಣ್ಣಿನ ಮೈಮೇಲೆ ಚಾಚಿಕೊಂಡು ಮಲಗುವುದನ್ನು ಅವುಗಳನ್ನು ಸಾಕಿದವರು ನೋಡಿ ದಾಖಲಿಸಿದ್ದಾರೆ. ಹುಳುವಿನ ಬಾಳಿನಲ್ಲಿಯೂ ಇಷ್ಟು ಆಪ್ತತೆ ಇರಬಲ್ಲದೆಂದು ನಮ್ಮಲ್ಲಿ ಎಷ್ಟು ಜನ ಎಣಿಸಿದ್ದೇವೆ?

ಒಂದು ಕಾಲಕ್ಕೆ ದ್ವೀಪದಲ್ಲಿ ಈ ಕೀಟಗಳು ಹೇರಳವಾಗಿದ್ದವು. ಮೀನುಗಾರರು ಇವನ್ನು ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರು. ಅವರಿಗೆ ಈ ಕೀಟದ ಉಪಯೋಗವೆಂದರೆ ಅಷ್ಟೇ ಆಗಿತ್ತು.

ಹಡಗಿನಿಂದ ಇಳಿದ ಶತ್ರು

೧೯೧೮ರ ಜೂನ್ ತಿಂಗಳಿನಲ್ಲಿ ಮಕಾಂಬೊ ಎಂಬ ಉಗಿಹಡಗು ದ್ವೀಪದ ಬಳಿ ಬಂಡೆಗೆ ತಾಗಿ ನಿಂತಿತು. ಒಡೆದ ಭಾಗವನ್ನು ದುರಸ್ತಿ ಮಾಡಲು ಒಂಬತ್ತು ದಿನಗಳು ಹಿಡಿದವು. ದುರಸ್ತಿ ಮುಗಿದು ಹಡಗು ಹೊರಟುಹೋಯಿತು. ಆದರೆ ಅದರ ಒಡಲಿನಲ್ಲಿದ್ದ ಕಪ್ಪು ಇಲಿಗಳು ದ್ವೀಪದಲ್ಲಿಯೇ ಉಳಿದವು.

ಈ ಕಪ್ಪು ಇಲಿ ನಮಗೆ ಅಪರಿಚಿತವಲ್ಲ. ನಮ್ಮ ಮನೆಯ ಅಟ್ಟದಲ್ಲಿ, ಕಾಳಿನ ಕಣಜದ ಸುತ್ತ ಓಡಾಡುವ ಇಲಿಯ ಜಾತಿಯದೇ ಇದು. ಇದರ ಮೂಲನೆಲೆ ನಮ್ಮ ಭಾರತ ಉಪಖಂಡವೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ವ್ಯಾಪಾರದ ಹಡಗುಗಳೊಡನೆ ಶತಮಾನಗಳ ಕಾಲ ಪಯಣಿಸಿ ಇದು ಲೋಕವನ್ನೆಲ್ಲ ಸುತ್ತಿತು. ತನ್ನ ತವರಿನಲ್ಲಿ ಇದಕ್ಕೆ ಹಾವು, ಗೂಬೆ, ಮುಂಗುಸಿಗಳ ಅಂಕೆಯಿದೆ. ಇಲ್ಲಿಯ ಜೀವಿಗಳು ಇದರ ಜೊತೆಯಲ್ಲಿಯೇ ಬೆಳೆದು ತಪ್ಪಿಸಿಕೊಳ್ಳುವುದನ್ನು ಕಲಿತಿವೆ. ಇಲಿಯನ್ನೇ ಕಾಣದ ದ್ವೀಪದಲ್ಲಿ ಅಂತಹ ಅಂಕೆಯೂ ಇರಲಿಲ್ಲ, ಕಲಿಕೆಯೂ ಇರಲಿಲ್ಲ.

ಪರಿಣಾಮ ಘೋರವಾಯಿತು. ಕೆಲವೇ ವರ್ಷಗಳಲ್ಲಿ ದ್ವೀಪದ ಐದು ಬಗೆಯ ಹಾಡುಹಕ್ಕಿಗಳು ಶಾಶ್ವತವಾಗಿ ಇಲ್ಲವಾದವು. ಕಡ್ಡಿಕೀಟವನ್ನು ೧೯೨೦ರ ಬಳಿಕ ದ್ವೀಪದಲ್ಲಿ ಯಾರೂ ಕಾಣಲಿಲ್ಲ. ಪೊಟರೆಯಲ್ಲಿ ನಿದ್ರಿಸುವ, ಹಾರಲಾಗದ, ಕೊಬ್ಬಿದ ಕೀಟ ಇಲಿಗೆ ತಟ್ಟೆಯಲ್ಲಿಟ್ಟು ಬಡಿಸಿದ ಊಟದಂತಾಗಿತ್ತು. ಹಡಗು ಬಂದುಹೋದ ಎರಡೇ ವರ್ಷಗಳಲ್ಲಿ ಒಂದು ವಂಶ ದ್ವೀಪದಿಂದ ಮಾಯವಾಯಿತು. ಬೆಟ್ಟದ ನೆತ್ತಿಯಲ್ಲಿದ್ದ ವುಡ್‌ಹೆನ್ ಮಾತ್ರ ಗಟ್ಟಿ ಹಕ್ಕಿಯಾದ್ದರಿಂದ ಇಲಿಯ ಹಾವಳಿಯನ್ನು ಹೇಗೋ ತಾಳಿಕೊಂಡಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ದ್ವೀಪದವರು ಇಲಿಯ ವಿರುದ್ಧ ಬೇಗನೆ ಎಚ್ಚೆತ್ತರು. ಇಲಿಯ ಬಾಲ ತಂದುಕೊಟ್ಟವರಿಗೆ ಬಹುಮಾನವನ್ನೂ ಕೊಟ್ಟರು. ಕಾರಣವೇನು? ಅಲ್ಲಿ ಬೆಳೆಯುವ ಕೆಂಟಿಯ ಎಂಬ ತಾಳೆಗಿಡದ ಬೀಜಕ್ಕೆ ಹೊರದೇಶಗಳಲ್ಲಿ ಒಳ್ಳೆಯ ಬೇಡಿಕೆಯಿತ್ತು. ಆ ಬೀಜವನ್ನು ಇಲಿಗಳು ತಿನ್ನುತ್ತಿದ್ದವು. ಜೀವನೋಪಾಯಕ್ಕೆ ಪೆಟ್ಟು ಬಿದ್ದಾಗ ಎಚ್ಚರವಾಗುವುದು ಮನುಷ್ಯಸಹಜ. ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಮರದ ಪೊಟರೆ ಬರಿದಾದುದಕ್ಕೆ ಬಹುಮಾನ ಸಾರಿದವರು ಯಾರೂ ಇರಲಿಲ್ಲ.

ಮೂರು ಜೋಡಿಗಳಿಂದ

ಹಕ್ಕಿಯ ಉದ್ಧಾರದ ಕಥೆ ನೇರವಾದದ್ದು. ಸಂಖ್ಯೆ ಇಳಿದದ್ದು ತಿಳಿದೊಡನೆ ಕಾರಣವನ್ನು ಹುಡುಕಿದರು. ಕಾಡುಹಂದಿಯೇ ಮುಖ್ಯ ಶತ್ರುವೆಂದು ಗೊತ್ತಾಯಿತು. ೧೯೮೦ರ ದಶಕದ ಆರಂಭದ ಹೊತ್ತಿಗೆ ಕಾಡುಹಂದಿಗಳನ್ನೂ ಕಾಡುಬೆಕ್ಕುಗಳನ್ನೂ ದ್ವೀಪದಿಂದ ಇಲ್ಲವಾಗಿಸಿದರು. ೧೯೮೦ರಲ್ಲಿ ಬೆಟ್ಟದ ನೆತ್ತಿಯಿಂದ ಮೂರು ಜೋಡಿ ಹಕ್ಕಿಗಳನ್ನು ಕೆಳಗೆ ತಂದು, ದ್ವೀಪದಲ್ಲಿಯೇ ಕಟ್ಟಿದ ಆವರಣದಲ್ಲಿ ಸಾಕಿದರು. ನಾಲ್ಕು ವರ್ಷಗಳಲ್ಲಿ ಅವುಗಳ ಸಂತತಿ ಬೆಳೆದು ಸುಮಾರು ೮೦ ಹಕ್ಕಿಗಳನ್ನು ಕಾಡಿಗೆ ಬಿಡುವುದು ಸಾಧ್ಯವಾಯಿತು. ಮುಂದೆ ಅವು ತಾವಾಗಿಯೇ ಹೆಚ್ಚಿ ಇನ್ನೂರರ ಆಸುಪಾಸಿಗೆ ಬಂದು ನಿಂತವು. ಇಲಿಗಳು ಇರುವತನಕ ಅದಕ್ಕಿಂತ ಹೆಚ್ಚು ಬೆಳೆಯಲು ಅವಕ್ಕೆ ಆಗಲಿಲ್ಲ.

ಮೂರು ಜೋಡಿಗಳ ಮೇಲೆ ಒಂದು ವಂಶದ ಭಾರವನ್ನು ಹೊರಿಸಿದ ಆ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಹಕ್ಕಿಗೆ ಒಂದು ಭಾಗ್ಯವಿತ್ತು. ಅದು ಹಗಲಿನಲ್ಲಿ ಕಾಣುತ್ತಿತ್ತು, ಕರೆದರೆ ಬರುತ್ತಿತ್ತು, ಎಣಿಕೆಗೆ ಸಿಗುತ್ತಿತ್ತು. ಕಡಿಮೆಯಾದದ್ದು ಕಣ್ಣಿಗೆ ಬಿದ್ದುದರಿಂದ ಕಾಪಾಡುವ ಕೈಗಳೂ ಹೊತ್ತಿಗೆ ಸರಿಯಾಗಿ ಒದಗಿದವು.

ಬಂಡೆಯ ಬಿರುಕಿನಲ್ಲಿ ಒಂದು ಪೊದೆ

ಕೀಟಕ್ಕೆ ಅಂತಹ ಭಾಗ್ಯವಿರಲಿಲ್ಲ. ಅದು ಅಳಿಯಿತೆಂದು ಲೋಕ ಒಪ್ಪಿಕೊಂಡು ಸುಮ್ಮನಾಗಿತ್ತು.

ಲಾರ್ಡ್ ಹೋವ್ ದ್ವೀಪದಿಂದ ಆಗ್ನೇಯಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಬಾಲ್ಸ್ ಪಿರಮಿಡ್ ಎಂಬ ಕಲ್ಲಿನ ಶಿಖರವೊಂದು ಕಡಲನ್ನು ಸೀಳಿಕೊಂಡು ಎದ್ದಿದೆ. ಎತ್ತರ ಐನೂರು ಮೀಟರಿಗೂ ಮಿಗಿಲು; ಬುಡ ಬಹಳ ಕಿರಿದು. ಅಲ್ಲಿ ನೀರಿಲ್ಲ, ಕಾಡಿಲ್ಲ. ದೋಣಿ ಕಟ್ಟಲು ನೆಲೆಯೂ ಇಲ್ಲ. ೧೯೬೪ರಲ್ಲಿ ಅದನ್ನು ಹತ್ತಲು ಹೋದ ಸಾಹಸಿಗಳಿಗೆ ಸತ್ತ ಕಡ್ಡಿಕೀಟವೊಂದು ಸಿಕ್ಕಿತು. ಅಂದರೆ ಈ ಬೋಳುಬಂಡೆಯ ಮೇಲೆ ಎಲ್ಲಿಯೋ ಅವು ಬದುಕಿರಬಹುದೆಂಬ ಆಸೆ ಮೂಡಿತು. ಆದರೆ ಇರುಳಿನಲ್ಲಿ ಮಾತ್ರ ಹೊರಬರುವ ಕೀಟವನ್ನು ಹುಡುಕಲು ಅಂತಹ ಬಂಡೆಯನ್ನು ಇರುಳಿನಲ್ಲಿ ಹತ್ತುವವರು ಯಾರು?

೨೦೦೧ರ ಫೆಬ್ರವರಿಯಲ್ಲಿ ಡೇವಿಡ್ ಪ್ರಿಡೆಲ್ ಮತ್ತು ನಿಕೊಲಾಸ್ ಕಾರ್ಲೈಲ್ ಎಂಬ ವಿಜ್ಞಾನಿಗಳ ಚಿಕ್ಕ ತಂಡ ಅಲ್ಲಿಗೆ ಹೋಯಿತು. ಅಲ್ಲಿ ಕೀಟವಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಚರ್ಚೆಯನ್ನು ಮುಗಿಸಬೇಕೆಂಬುದೇ ಅವರ ಎಣಿಕೆಯಾಗಿತ್ತಂತೆ. ಹಗಲೆಲ್ಲ ಹುಡುಕಿ ಇಳಿಯುವಾಗ, ಬಂಡೆಯ ಬಿರುಕಿನಲ್ಲಿ ನೀರು ಒಸರುವ ಜಾಗದಲ್ಲಿ ಬೆಳೆದಿದ್ದ ಮೆಲಲೂಕ ಎಂಬ ಪೊದೆಯ ಬುಡದಲ್ಲಿ ದೊಡ್ಡ ಕೀಟವೊಂದರ ಹಸಿ ಹಿಕ್ಕೆ ಕಂಡಿತು. ಕತ್ತಲಾದ ಮೇಲೆ ಕಾರ್ಲೈಲ್ ಮತ್ತು ದ್ವೀಪದ ವನರಕ್ಷಕ ಡೀನ್ ಹಿಸ್ಕಾಕ್ಸ್ ಕೈದೀಪ ಹಿಡಿದು ಮತ್ತೆ ಆ ಕಡಿದಾದ ಬಂಡೆಯನ್ನು ಹತ್ತಿದರು. ಪೊದೆಯ ಎಲೆಗಳ ನಡುವೆ ಕಪ್ಪು ಮೈ ಹೊಳೆಯಿತು. ಎಂಬತ್ತು ವರ್ಷಗಳಿಂದ ಲೋಕದ ಕಣ್ಣಿಗೆ ಬೀಳದಿದ್ದ ಜೀವಿ ತನ್ನ ಪಾಡಿಗೆ ಎಲೆ ಮೇಯುತ್ತಿತ್ತು.

ಆ ಒಂದು ಪೊದೆಯ ಆಶ್ರಯದಲ್ಲಿ ಎಣಿಕೆಗೆ ಸಿಕ್ಕವು ಒಟ್ಟು ೨೪ ಕೀಟಗಳು. ಭೂಮಿಯ ಮೇಲೆ ಇಷ್ಟು ವಿರಳವಾದ ಕೀಟ ಮತ್ತೊಂದಿರಲಾರದೆಂದು ಆಗ ಅನೇಕರು ಬರೆದರು. ಬಂಡೆ ಕುಸಿದರೆ ಮುಗಿಯಿತು. ಒಂದು ಬಿರುಗಾಳಿ ಆ ಪೊದೆಯನ್ನು ಕಿತ್ತೊಯ್ದರೆ ಮುಗಿಯಿತು.

ಅಂಗೈಯಲ್ಲಿ ಉಳಿದ ಜೀವ

ಏನು ಮಾಡಬೇಕೆಂಬ ಚರ್ಚೆ ನಡೆದು, ಕಡೆಗೆ ೨೦೦೩ರಲ್ಲಿ ಎರಡು ಜೋಡಿಗಳನ್ನು ಮಾತ್ರ ತರಲು ಅನುಮತಿ ದೊರೆಯಿತು. ಸಿಡ್ನಿಗೆ ಹೋದ ಜೋಡಿ ಕೆಲವೇ ದಿನಗಳಲ್ಲಿ ಸತ್ತುಹೋಯಿತು. ಉಳಿದ ಜೋಡಿ ಮೆಲ್ಬರ್ನಿನ ಮೃಗಾಲಯದಲ್ಲಿತ್ತು. ಅವಕ್ಕೆ ಆಡಂ ಮತ್ತು ಈವ್ ಎಂದು ಹೆಸರಿಟ್ಟಿದ್ದರು. ಸ್ವಲ್ಪ ಕಾಲದಲ್ಲಿಯೇ ಈವ್ ಕಾಯಿಲೆ ಬಿದ್ದಿತು. ಕೀಟಕ್ಕೆ ಔಷಧಿ ಕೊಡುವ ವೈದ್ಯಶಾಸ್ತ್ರ ಯಾವ ಪುಸ್ತಕದಲ್ಲಿದೆ? ಅವನ್ನು ನೋಡಿಕೊಳ್ಳುತ್ತಿದ್ದ ಪ್ಯಾಟ್ರಿಕ್ ಹೊನಾನ್ ಇರುಳುಗಳನ್ನು ಎಚ್ಚರದಲ್ಲಿ ಕಳೆದು, ಸುಣ್ಣದ ಅಂಶವನ್ನೂ ಮಕರಂದವನ್ನೂ ಬೆರೆಸಿದ ದ್ರವವನ್ನು ಸಿದ್ಧಪಡಿಸಿದರು. ಅಂಗೈಯಲ್ಲಿ ಮುದುಡಿ ಮಲಗಿದ್ದ ಈವ್‌ನ ಬಾಯಿಗೆ ಅದನ್ನು ಒಂದೊಂದೇ ಹನಿಯಾಗಿ ಹಾಕಿದರು. ಅದು ಚೇತರಿಸಿಕೊಂಡಿತು, ಮೊಟ್ಟೆಯಿಟ್ಟಿತು. ಅದೇ ವರ್ಷ ಮೊದಲ ಹಸಿರು ಮರಿಗಳು ಹೊರಬಂದವು.

ಹಸುಳೆಯೊಂದು ಜ್ವರದಲ್ಲಿ ಬಳಲುವಾಗ ತಾಯಿ ಒಳಲೆಯಿಂದ ಔಷಧಿ ಹನಿಸುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡವರೇ. ಈ ಆರೈಕೆ ಅದಕ್ಕಿಂತ ಬೇರೆಯಾದುದೆಂದು ನಮಗೆ ತೋರುವುದಿಲ್ಲ. ಹುಳು ಎಂದು ನಾವು ಒರಸಿಹಾಕುವ ಜೀವವೊಂದಕ್ಕಾಗಿ ಮನುಷ್ಯನೊಬ್ಬ ನಿದ್ದೆಗೆಟ್ಟನೆಂಬುದು ಮನುಷ್ಯಕುಲಕ್ಕೇ ಗೌರವದ ಸಂಗತಿ.

೨೦೦೮ರ ಹೊತ್ತಿಗೆ ಮೆಲ್ಬರ್ನಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮೊಟ್ಟೆಗಳೂ ಸುಮಾರು ಏಳುನೂರು ಬೆಳೆದ ಕೀಟಗಳೂ ಇದ್ದವು. ಒಂದೇ ಕಡೆ ಇಟ್ಟರೆ ಅಪಾಯವೆಂದು ಮುಂದೆ ಮೊಟ್ಟೆಗಳನ್ನು ಬ್ರಿಸ್ಟಲ್, ಸ್ಯಾನ್ ಡಿಯಾಗೊ ಮೊದಲಾದ ಹೊರದೇಶದ ಮೃಗಾಲಯಗಳಿಗೂ ಕಳುಹಿಸಿದರು. ಬಂಡೆಯ ಕೀಟ ನಿಜವಾಗಿಯೂ ದ್ವೀಪದ ಕೀಟವೇ ಹೌದೋ ಅಲ್ಲವೋ ಎಂಬ ಅನುಮಾನವೂ ಕೆಲವರಲ್ಲಿತ್ತು. ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಕೀಟಗಳ ವಂಶವಾಹಿಗಳೊಡನೆ ಹೋಲಿಸಿ ನೋಡಿದ ವಿಜ್ಞಾನಿಗಳು, ಎರಡೂ ಒಂದೇ ಜಾತಿಯೆಂದು ೨೦೧೭ರಲ್ಲಿ ಸಾರಿದರು.

ಊರು ಎರಡಾದ ಪ್ರಶ್ನೆ

ಹಕ್ಕಿ ಹೆಚ್ಚಬೇಕಾದರೂ ಕೀಟ ತವರಿಗೆ ಮರಳಬೇಕಾದರೂ ಇಲಿಗಳು ಹೋಗಲೇಬೇಕಿತ್ತು. ದ್ವೀಪದಲ್ಲಿ ಲಕ್ಷಗಟ್ಟಲೆ ಇಲಿಗಳೂ ಸುಂಡಿಲಿಗಳೂ ಇದ್ದವು. ಒಂದು ಬಸುರಿ ಇಲಿ ಉಳಿದರೂ ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ಇಡೀ ದ್ವೀಪದ ಮೇಲೆ ಒಮ್ಮೆಗೇ ವಿಷದ ಕಾಳು ಹರಡಬೇಕೆಂಬ ಯೋಜನೆ ಸಿದ್ಧವಾಯಿತು.

ಊರಿನವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಮ್ಮ ಮಕ್ಕಳು ಆಡುವ ನೆಲಕ್ಕೆ ವಿಷ ಸುರಿಯುವುದೇ? ಸಾಕಿದ ಪ್ರಾಣಿಗಳ ಗತಿಯೇನು? ಪ್ರವಾಸಿಗಳು ಬಾರದೆ ಹೋದರೆ ಹೊಟ್ಟೆಪಾಡು ಹೇಗೆ? ಇವು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಗಳಲ್ಲ. ೨೦೧೫ರಲ್ಲಿ ಅವರ ಅಭಿಪ್ರಾಯ ಕೇಳಿದಾಗ ಪರವಾಗಿ ನಿಂತವರು ನೂರಕ್ಕೆ ೫೨, ವಿರೋಧಿಸಿದವರು ೪೮. ನಾನ್ನೂರು ಜನರ ಊರಿನಲ್ಲಿ ಹೀಗಾಯಿತೆಂದರೆ ನೆರೆಹೊರೆಯಲ್ಲಿ, ನೆಂಟರಿಷ್ಟರಲ್ಲಿಯೇ ಎರಡು ಪಕ್ಷಗಳಾದವೆಂದೇ ಅರ್ಥ.

ಕಡೆಗೆ ೨೦೧೯ರ ಚಳಿಗಾಲದಲ್ಲಿ ಕೆಲಸ ನಡೆಯಿತು. ಬೆಟ್ಟ ಕಾಡುಗಳ ಮೇಲೆ ಹೆಲಿಕಾಪ್ಟರಿನಿಂದಲೂ, ಮನೆಗಳ ಸುತ್ತ ಸಾವಿರಾರು ಪೆಟ್ಟಿಗೆಗಳಲ್ಲಿಯೂ ವಿಷವಿಟ್ಟರು. ವುಡ್‌ಹೆನ್ ಸ್ವಭಾವತಃ ಎಲ್ಲವನ್ನೂ ಕೆದಕಿ ನೋಡುವ ಹಕ್ಕಿ. ಅದು ವಿಷದ ಕಾಳನ್ನು ಬಿಡುತ್ತದೆಯೇ? ಆದ್ದರಿಂದ ಮೊದಲೇ ಇನ್ನೂರಕ್ಕೂ ಹೆಚ್ಚು ಹಕ್ಕಿಗಳನ್ನು ಹಿಡಿದು, ಸಿಡ್ನಿಯ ಟರೋಂಗ ಮೃಗಾಲಯದವರ ಆರೈಕೆಯಲ್ಲಿ, ದ್ವೀಪದಲ್ಲಿಯೇ ತಿಂಗಳುಗಟ್ಟಲೆ ಇರಿಸಿದರು. ೨೦೨೧ರಲ್ಲಿ ಮತ್ತೆ ಒಂದೆರಡು ಇಲಿಗಳು ಕಾಣಿಸಿಕೊಂಡಾಗ ಊರಿಗೆ ಊರೇ ಕಳವಳಗೊಂಡಿತು. ವಾಸನೆ ಹಿಡಿಯುವ ನಾಯಿಗಳ ನೆರವಿನಿಂದ ಹುಡುಕಾಟವೂ ಮತ್ತೆ ಮೊದಲಾಯಿತು.

ಫಲ ಮಾತ್ರ ಕಣ್ಣಿಗೆ ಕಟ್ಟುವಂತಿದೆ. ನಾಲ್ಕು ದಶಕಗಳ ಹಿಂದೆ ಮೂವತ್ತನ್ನು ಮುಟ್ಟದಿದ್ದ ವುಡ್‌ಹೆನ್‌ಗಳ ಸಂಖ್ಯೆ ಇಲಿಗಳು ಹೋದ ಕೆಲವೇ ವರ್ಷಗಳಲ್ಲಿ ಸಾವಿರವನ್ನು ದಾಟಿತು. ಕಡ್ಡಿಕೀಟಕ್ಕೂ ತವರಿನ ಕಾಡಿಗೆ ಮರಳುವ ದಾರಿ ನೂರು ವರ್ಷಗಳಲ್ಲಿ ಮೊದಲ ಬಾರಿಗೆ ತೆರೆದಂತಾಗಿದೆ.

ಇಲಿಯೂ ಜೀವವಲ್ಲವೇ?

ಇಷ್ಟನ್ನು ಓದಿದ ಮೇಲೆ ನಮ್ಮ ಓದುಗರಲ್ಲಿ ಕೆಲವರಾದರೂ ಕೇಳದಿರಲಾರರು: ಹಕ್ಕಿಯನ್ನೂ ಕೀಟವನ್ನೂ ಉಳಿಸಲು ಲಕ್ಷಾಂತರ ಇಲಿಗಳನ್ನು ಕೊಂದದ್ದು ದಯೆಯೇ? ಈ ಪ್ರಶ್ನೆ ನ್ಯಾಯವಾದದ್ದು. ಇಲಿಯೂ ಜೀವವೇ. ಅದು ತಾನಾಗಿ ಆ ದ್ವೀಪಕ್ಕೆ ಹೋಗಲಿಲ್ಲ. ನಮ್ಮ ಹಡಗು ಅದನ್ನು ಒಯ್ದಿತು. ಹಸಿವಾದಾಗ ಅದು ಕಂಡದ್ದನ್ನು ತಿಂದಿತು. ಅದರಲ್ಲಿ ಅದರ ದೋಷವೇನೂ ಇಲ್ಲ.

ಆದರೆ ಕೈಕಟ್ಟಿ ಕುಳಿತರೆ ನಾವು ನಿರ್ದೋಷಿಗಳಾಗುತ್ತೇವೆಯೇ? ನಾವು ಬಿಟ್ಟುಬಂದ ಇಲಿ ಪ್ರತಿ ಇರುಳೂ ಅಲ್ಲಿಯ ಗೂಡುಗಳನ್ನು ಬರಿದುಮಾಡುತ್ತಲೇ ಇರುತ್ತದೆ. ಇಲಿಯ ಸಂತತಿ ಲೋಕದಲ್ಲೆಲ್ಲ ತುಂಬಿದೆ. ಆ ಹಕ್ಕಿಗೆ, ಆ ಕೀಟಕ್ಕೆ ಇರುವುದು ಅದೊಂದೇ ತವರು. ಅಲ್ಲಿ ಅಳಿದರೆ ಸೃಷ್ಟಿಯಲ್ಲಿಯೇ ಅಳಿದಂತೆ. ಆದ್ದರಿಂದ ಆ ಕೆಲಸವನ್ನು ಹೆಮ್ಮೆಯಿಂದಲ್ಲ, ಸಂಕಟದಿಂದ ಮಾಡಬೇಕಾದ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ. ಹಡಗಿನಿಂದ ಒಂದು ಇಲಿ ಇಳಿಯದಂತೆ ೧೯೧೮ರಲ್ಲಿ ಎಚ್ಚರ ವಹಿಸಿದ್ದರೆ ೨೦೧೯ರಲ್ಲಿ ಲಕ್ಷ ಇಲಿಗಳನ್ನು ಕೊಲ್ಲಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ನಿಜವಾದ ದಯೆ ಮುಂಜಾಗ್ರತೆಯಲ್ಲಿದೆ.

ಎರಡು ಜೀವಗಳ ತೂಕ

ಈಗ ಹಕ್ಕಿಯನ್ನೂ ಕೀಟವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಹಕ್ಕಿಯನ್ನು ಉಳಿಸಿದ್ದು ಮನುಷ್ಯನ ಗಮನ. ಕೀಟವನ್ನು ಎಂಬತ್ತು ವರ್ಷಗಳ ಕಾಲ ಉಳಿಸಿದ್ದು ಒಂದು ಬಂಡೆಯ ಬಿರುಕು. ಮನುಷ್ಯನ ಗಮನ ಬಂದದ್ದು ಬಹಳ ತಡವಾಗಿ. ಆ ಬಿರುಕಿನಲ್ಲಿ ನೀರು ಒಸರದೆ ಇದ್ದಿದ್ದರೆ, ಆ ಪೊದೆ ಒಣಗಿದ್ದರೆ, ಇಂದು ನಾವು ಈ ಕೀಟದ ಬಗ್ಗೆ ಬರೆಯುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಹಕ್ಕಿಗೆ ಮೂರು ಜೋಡಿಗಳ ಆಧಾರವಿತ್ತು. ಕೀಟದ ಪಾಲಿಗೆ ಉಳಿದದ್ದು ಒಂದೇ ಜೋಡಿ, ಅದರಲ್ಲಿಯೂ ಕಾಯಿಲೆ ಬಿದ್ದ ಒಂದು ಹೆಣ್ಣು. ಗಮನ ತಡವಾದಷ್ಟೂ ಆಧಾರ ಸಣ್ಣದಾಗುತ್ತದೆ.

ಇನ್ನೊಂದು ಮಾತು. ಹಕ್ಕಿಯನ್ನು ತವರಿನಲ್ಲಿಯೇ ಸಾಕಿ ತವರಿನಲ್ಲಿಯೇ ಬಿಡುವುದು ಸಾಧ್ಯವಾಯಿತು. ಕೀಟ ಮಾತ್ರ ನಗರದ ಗಾಜಿನ ಮನೆಗಳಲ್ಲಿ ತಲೆಮಾರು ತಲೆಮಾರುಗಳನ್ನು ಕಳೆಯಬೇಕಾಯಿತು. ಹೊತ್ತಿಗೆ ಸಿಕ್ಕ ಕಾಳಜಿಗೂ ಹೊತ್ತು ಮೀರಿ ಸಿಕ್ಕ ಕಾಳಜಿಗೂ ಇರುವ ಅಂತರವನ್ನು ಈ ಎರಡು ಕಥೆಗಳು ಅಳೆದು ತೋರಿಸುತ್ತವೆ. ಕೀಟದ ರೂಪ ಚೆಂದವಿಲ್ಲದ್ದು, ಅದು ಇರುಳಿನಲ್ಲಿ ಬಾಳಿದ್ದು, ಅದರ ದನಿ ನಮ್ಮ ಕಿವಿಗೆ ಕೇಳದ್ದು: ಇವಿಷ್ಟೇ ಅದು ಮಾಡಿದ ಅಪರಾಧ.

ನಮ್ಮ ಊರುಗಳಲ್ಲಿ ಬಾಲ್ಸ್ ಪಿರಮಿಡ್ ಇಲ್ಲ. ಆದರೆ ಹಿತ್ತಿಲ ಬೇಲಿಯಿದೆ, ತೋಟದ ಬದುವಿದೆ, ಹಳೆಯ ಮರದ ಪೊಟರೆಯಿದೆ. ಅಲ್ಲಿ ಬಾಳುವ ಹುಳುಗಳಲ್ಲಿ ಎಷ್ಟಕ್ಕೆ ನಮಗೆ ಹೆಸರು ಗೊತ್ತು? ಹತ್ತು ಹಕ್ಕಿಗಳ ಹೆಸರು ಹೇಳುವ ಮಗುವಿಗೆ ಐದು ಹುಳುಗಳ ಹೆಸರು ಹೇಳಿಕೊಡಲು ನಾವು ಪ್ರಯತ್ನಿಸಿದ್ದೇವೆಯೇ? ಹೆಸರು ಗೊತ್ತಿಲ್ಲದ್ದು ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬಾರದ್ದು ಕಳೆದುಹೋದರೂ ತಿಳಿಯುವುದಿಲ್ಲ.

ತಾಯಂದಿರಲ್ಲಿ, ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಮಗು ಹುಳುವೊಂದನ್ನು ಎಲೆಯ ಮೇಲಿಟ್ಟುಕೊಂಡು ಓಡಿಬಂದು ತೋರಿಸಿದಾಗ ಛೀ ಎನ್ನುವ ಮೊದಲು ಒಂದು ಗಳಿಗೆ ತಡೆಯಿರಿ. ಅದಕ್ಕೆ ಎಷ್ಟು ಕಾಲು, ಅದು ಯಾವ ಎಲೆಯನ್ನು ತಿನ್ನುತ್ತದೆ ಎಂದು ಮಗುವಿನೊಡನೆ ಕುಳಿತು ನೋಡಿರಿ. ನೋಡಿ ಆದ ಮೇಲೆ ಅದನ್ನು ಎಲ್ಲಿಂದ ತಂದಿತೋ ಅಲ್ಲಿಯೇ ಬಿಟ್ಟುಬರಲು ಹೇಳಿರಿ. ಮುಂದೆ ಯಾವುದೋ ಒಂದು ಇರುಳು ಕೈದೀಪ ಹಿಡಿದು ಬಂಡೆ ಹತ್ತಬೇಕಾದವರು ಇಂತಹ ಮಕ್ಕಳೇ.